ಜಿಪುಣ ಅಲ್ಲ, ಜಿಪುಣ ಅಂತೆ

ಸಾಹಿತ್ಯವು ಮನುಷ್ಯನ ಅಂತರಂಗವನ್ನು ಬೆಳಗುತ್ತದೆ. ಏಳನೇ ತರಗತಿಯಲ್ಲಿ ಅದು ಕಂಪ್ಯೂಟರ್ ಪರದೆಯ ಮೇಲೆ ಉತ್ತರ ಆರಿಸಲು ಕೊಟ್ಟ ನಾಲ್ಕು ಸೊನ್ನೆಗಳ ಪೈಕಿ ಒಂದನ್ನು ಮಾತ್ರ ಬೆಳಗುತ್ತದೆ. ಬೆಳಗಿದ್ದು ಸರಿಯಾದ ಸೊನ್ನೆಯೇ ಎಂಬುದು ತಿಂಗಳುಗಳ ನಂತರ ತಿಳಿಯುವ ಸಂಗತಿ.

ನನ್ನ ಮಗಳಿಗೆ ಈ ಸೊನ್ನೆಗಳು ಒಲಿದಿರಲಿಲ್ಲ. ಹಾಗಾಗಿ ವೆಸ್ಟ್ ವಿಂಡ್ಸರಿನ ಅವಳ ಮಿಡಲ್ ಸ್ಕೂಲಿನವರು ಅವಳನ್ನು ಇಂಗ್ಲಿಷಿನ ಹೆಚ್ಚುವರಿ ಕ್ಲಾಸಿಗೆ ಹಾಕಿದರು. ಆ ಕ್ಲಾಸು ನಡೆಯುವುದು ಬ್ಯಾಂಡಿನ ಪೀರಿಯಡ್ಡಿನಲ್ಲಿ, ಅಂದರೆ ಅವಳು ಟ್ರಾಂಬೋನ್ ಊದುತ್ತಿದ್ದ ಹೊತ್ತಿನಲ್ಲಿ. ವಸಂತದ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ವರ್ಷ ಬ್ಯಾಂಡಿಗೆ ವಾಪಸು. ಇಲ್ಲವಾದರೆ ಟ್ರಾಂಬೋನು ಪೆಟ್ಟಿಗೆಯಲ್ಲೇ. ಆ ವಾದ್ಯವನ್ನು ಗೋಡೆಯಾಚೆಯಿಂದ ಕೇಳಿದ ನೆರೆಯವರು ಎರಡನೆಯದನ್ನೇ ಹಾರೈಸಿದ್ದರೆ ಆಶ್ಚರ್ಯವಿಲ್ಲ. ಒಬ್ಬಳೇ ಊದಲು ಮನಸ್ಸಿಲ್ಲದೆ, ಆ ಪೆಟ್ಟಿಗೆಯ ಧೂಳನ್ನು ಮಾತ್ರ ಅವಳು ಸ್ವೆಟ್‌ಶರ್ಟಿನ ತೋಳಿನಿಂದ ಒರೆಸುವುದನ್ನು ಕಂಡ ಮೇಲೆ ನನ್ನಿಂದ ಹಾಗೆ ಹಾರೈಸಲಾಗಲಿಲ್ಲ.

ಪಾಠದ ಗುರುತರ ಹೊಣೆಯನ್ನು ನಾನೇ ಹೊತ್ತೆ. ಹಾಸನದ ಹೈಸ್ಕೂಲಿನಲ್ಲಿ ಇಂಗ್ಲಿಷಿನ ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದರಲ್ಲಿ ನನಗೆ ಎದುರಾಳಿಗಳಿರಲಿಲ್ಲ. ಇಲ್ಲಿ ಯಾರೂ ಏನನ್ನೂ ತಿರುಗಿಸುವುದಿಲ್ಲ. ಒಂದು ಕಥೆ ಕೊಟ್ಟು, ಅದರಲ್ಲಿ ಬರೆಯದೆ ಬಿಟ್ಟಿರುವುದೇನು ಎಂದು ಕೇಳುತ್ತಾರೆ. ಆಮೇಲೆ, ಬರೆದಿಲ್ಲದ್ದಕ್ಕೆ ಬರೆದಿರುವುದರಿಂದಲೇ ಸಾಕ್ಷಿ ಕೊಡಿ ಎನ್ನುತ್ತಾರೆ.

ಅಂದಿನ ಅಭ್ಯಾಸದ ಕಥೆಯಲ್ಲಿ ಒಬ್ಬ ಬೇಕರಿಯ ಮುದುಕನಿದ್ದ. ಅವನು ಜಿಪುಣನೆಂದು ಊರಿಗೆಲ್ಲ ಗೊತ್ತು ಎನ್ನುತ್ತಾಳೆ ಕಥೆ ಹೇಳುವ ಹುಡುಗಿ. ಅವನು ದಿನಾ ಸಂಜೆ ಹಿಂಬಾಗಿಲಲ್ಲಿ ತುಂಬಿದ ಚೀಲವೊಂದನ್ನು ಇಟ್ಟು ಒಳಗೆ ಹೋಗುತ್ತಾನೆ. ಬೆಳಿಗ್ಗೆ ಚೀಲ ಖಾಲಿಯಾಗಿ, ಮಡಿಸಿಟ್ಟಿರುತ್ತದೆ. ಪ್ರಶ್ನೆ: ಮುದುಕ ಎಂಥವನು?

"ಜಿಪುಣ," ಎಂದಳು ಮಗಳು. "ಇಟ್ ಸೇಯ್ಸ್ ಸೋ, ರೈಟ್ ಹಿಯರ್."

"ಸಂಶಯವೇ ಇಲ್ಲ," ಎಂದು ನಾನು ಅನುಮೋದಿಸಿದೆ.

ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದ ಉತ್ತರ ಒಪ್ಪಲಿಲ್ಲ. ಅದು ಮುದ್ರಣದೋಷವೆಂದು ನಾನು ವಿವರಿಸುತ್ತಿದ್ದಾಗ ಅತ್ತೆ ವಾಕಿಂಗ್ ಮುಗಿಸಿ ಬಂದರು. ನನ್ನ ಹೆಂಡತಿಯ ತಾಯಿ. ನಮ್ಮ ಜೊತೆಯಲ್ಲೇ ಇರುತ್ತಾರೆ. ಸಂಜೆ ಇತರ ಆಂಟಿಯರೊಡನೆ ನಡೆದು ಸುತ್ತಲಿನ ಬೀದಿಗಳ ವಾರ್ತೆ ತರುವುದು ಅವರ ಇಲಾಖೆ.

"ಮೂಲೆ ಮನೆಯವ್ರು ಮನೆ ಮಾರ್ತಾರಂತೆ ಕಣ್ರೀ. ಟ್ರಕ್ಕಿಗೆ ಸೋಫಾ ಹೇರ್ತಿದ್ರು, ನಾನೇ ನೋಡ್ದೆ. ಟೆಕ್ಸಾಸಿಗೆ ಹೋಗ್ತಿರ್ಬೇಕು."

"ಟೆಕ್ಸಾಸ್ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಸ್ನೋ ತೆಗೆಯೋ ಸಲಿಕೆ, ಮಕ್ಕಳು ಅದ್ರ ಮೇಲೆ ಜಾರೋ ಸ್ಲೆಡ್ಡು ಎಲ್ಲಾ ರಸ್ತೆ ಪಕ್ಕ ಎಸ್ದಿದಾರೆ. ಸೆಕೆ ಊರಿಗಲ್ದೆ ಇನ್ನೆಲ್ಲಿಗೆ ಹೋಗ್ತಾರೆ, ನೀವೇ ಹೇಳಿ."

ಮಗಳು ಪೆನ್ಸಿಲ್ ಕೆಳಗಿಟ್ಟಳು. "ವೇಟ್, ಅಜ್ಜಿ. ಸೇ ಇಟ್ ಅಗೇನ್."

ತಮ್ಮ ವಾರ್ತೆಯನ್ನು ಎರಡನೆಯ ಸಲ ಬಯಸುವ ಶ್ರೋತೃ ಅವರಿಗೆ ಈ ಮನೆಯಲ್ಲಿ ಸಿಕ್ಕಿರಲಿಲ್ಲ. ಈ ಸಲ ಅಭಿನಯದ ಸಮೇತ ಹೇಳಿದರು.

"ನೋಡ್ದೆ ಈಸ್ ಎವಿಡೆನ್ಸ್," ಎಂದಳು ಮಗಳು ನಿಧಾನವಾಗಿ. "ಇರ್ಬೇಕು ಈಸ್ ಇನ್ಫರೆನ್ಸ್. ಅಂತೆ ಈಸ್... ಜಸ್ಟ್ ಪೀಪಲ್ ಟಾಕಿಂಗ್!" ಮತ್ತೆ ಕಥೆಗೆ ಬಗ್ಗಿದಳು. "ಅಪ್ಪಾ, ಜಿಪುಣ ಅಲ್ಲ. ಜಿಪುಣ *ಅಂತೆ*! ಆ ಬ್ಯಾಗಲ್ಲಿ ಬ್ರೆಡ್ ಇಟ್ಟು ಯಾರಿಗೋ ಕೊಡ್ತಿರ್ಬೇಕು."

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಇಂಗ್ಲಿಷ್ ಪರೀಕ್ಷೆಯ ದೆಸೆಯಿಂದ ಕನ್ನಡ ಮಾತಾಡಿದಳು. ಹುಟ್ಟಿದಂದಿನಿಂದ ಆ ಮೂರು ಮಾತುಗಳನ್ನು ಉದುರಿಸುತ್ತ ಬಂದ ನನಗೆ ಅವು ಒಂದು ನ್ಯಾಯಾಲಯದಷ್ಟು ಕೆಲಸ ಮಾಡುತ್ತಿವೆ ಎಂಬುದು ಹೊಳೆದೇ ಇರಲಿಲ್ಲ. ಅತ್ತೆಯ ಹರಟೆಯ ಬಗ್ಗೆಯೂ ನನ್ನ ಅಭಿಪ್ರಾಯ ಬದಲಾಯಿತು. ಇಷ್ಟು ವರ್ಷಗಳಲ್ಲಿ ಅವರು ಒಂದು 'ಅಂತೆ'ಯನ್ನೂ 'ನೋಡ್ದೆ' ಎಂದು ದಾಟಿಸಿದ್ದು ನನಗೆ ನೆನಪಿಲ್ಲ.

ಮರುದಿನದಿಂದ ನನಗೆ ಚಹಾ ಮಾಡುವ ಕೆಲಸಕ್ಕೆ ವರ್ಗವಾಯಿತು. ಮೊಮ್ಮಗಳು ಕಥೆಯನ್ನು ಮುರುಕು ಕನ್ನಡದಲ್ಲಿ ಹೇಳುವುದು, ಅಜ್ಜಿ ಹುರುಳಿಕಾಯಿ ಮುರಿಯುತ್ತ ಪಾಟೀಸವಾಲು ಹಾಕುವುದು. "ಅದನ್ನ ಯಾರೇ ನೋಡಿದ್ದು? ಅವ್ಳೇ ನೋಡಿದ್ಳಾ, ಇಲ್ಲಾ ಯಾರೋ ಹೇಳಿದ್ದಾ?" ಮಗಳು ಸಾಲಿನ ಮೇಲೆ ಬೆರಳಿಟ್ಟು ಹುಡುಕುವಳು. ತಪ್ಪಿದರೆ ಮುಖ ಸಣ್ಣದು ಮಾಡದೆ ಮೊದಲಿನಿಂದ ಓದುವಳು. ಅಂಥ ತಾಳ್ಮೆ ಯಾವ ಕಡೆಯಿಂದ ಬಂತೋ. ನನ್ನ ಕಡೆಯಿಂದಂತೂ ಅಲ್ಲ.

"ನಾನು ಸ್ಕೂಲಲ್ಲಿ ಇಂಗ್ಲಿಷಿಗೆ ಫಸ್ಟು," ಎಂದು ಒಮ್ಮೆ ಲೋಟ ಇಡುತ್ತ ಜ್ಞಾಪಿಸಿದೆ.

"ಅಂತೆ," ಎಂದಳು ಮಗಳು ತಲೆಯೆತ್ತದೆ.

ಫಲಿತಾಂಶ ಬೇಸಿಗೆ ರಜೆಯಲ್ಲಿ ಬಂತು. ಪಾಸಾಗಿದ್ದಾಳೆ ಎಂದು ನಾನು ಹಿತ್ತಿಲಿನಲ್ಲಿದ್ದ ಅತ್ತೆಗೆ ಕೂಗಿ ಹೇಳಿದೆ.

"ನೀವೇ ನೋಡಿದ್ರಾ?"

"ನೋಡ್ದೆ."

ಸೆಪ್ಟೆಂಬರಿನಲ್ಲಿ ಮಗಳು ಬ್ಯಾಂಡಿಗೆ ವಾಪಸು ಸೇರಿದಳು.