ಕಂಬಳಿಯಲ್ಲಿ ಒಣಗಿದ ಮಾರ್ಕ್ಸ್ ಕಾರ್ಡುಗಳು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಕುರ್ಚಿಯಲ್ಲಿ ಮುಳ್ಳಿದೆಯೇನೇ ಎಂದು ಅಮ್ಮ ಕೇಳುತ್ತಿದ್ದಳು. ಈಗ ಕಚೇರಿಯ ಜವಾನರು ಬೆನ್ನ ಹಿಂದೆ ಅದನ್ನೇ ಅನ್ನುತ್ತಾರೆ. ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಕಚೇರಿ ನೋಡಿಕೊಳ್ಳುವವಳು ನಾನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಮಕ್ಕಳು ಬೆಳಿಗ್ಗೆ ಬಸ್ಸಿಗೆ ಜೋತುಬಿದ್ದು ಬರುತ್ತಾರೆ, ದೂರದವರು ಹಾಸ್ಟೆಲಿನಲ್ಲಿರುತ್ತಾರೆ. ಪ್ರವೇಶದ ದಿನ ಅವರ ಮೂಲ ಮಾರ್ಕ್ಸ್ ಕಾರ್ಡುಗಳನ್ನು ಪಡೆದು, ಹೆಸರು ಬರೆದ ಲಕೋಟೆಗೆ ಹಾಕಿ, ಕೋರ್ಸು ಮುಗಿಯುವವರೆಗೂ ಅಲ್ಮೇರಾದಲ್ಲಿ ಇಡುವುದು ನನ್ನ ಕೆಲಸ. ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಮನೆಯಲ್ಲಿ ಮೊದಲ ಸಲ ಯಾರಾದರೂ ಹತ್ತನೇ ತರಗತಿ ಪಾಸಾದರೆ ಕೊಟ್ಟೂರಿಗೆ ಹೋಗಿ ದೇವರಿಗೆ ಕಾಯಿ ಒಡೆಸುತ್ತಾರೆ, ಬರುವಾಗ ಅಲ್ಲಿಯೇ ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬರುತ್ತಾರೆ. ಮಕ್ಕಳ ಅಪ್ಪಂದಿರು ಅದನ್ನು ಪ್ಲಾಸ್ಟಿಕ್ ಹಾಕಿಸುವುದು ಎನ್ನುತ್ತಾರೆ. ನನ್ನ ಕಚೇರಿಯ ನಿಯಮ ಬೇರೆ. ಕಾರ್ಡಿನ ಹಿಂದೆ ನಮ್ಮ ಮೊಹರು ಬೀಳಬೇಕು, ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ. ಆದ್ದರಿಂದ ‘ಲ್ಯಾಮಿನೇಷನ್ ಮಾಡಿಸಿದ ಮೂಲ ದಾಖಲೆಗಳನ್ನು ಸ್ವೀಕರಿಸಲಾಗುವುದಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ನನ್ನ ಕುರ್ಚಿಯ ಹಿಂದೆ ಅಂಟಿಸಿದ್ದೆ.

ಕೆಲವು ವರ್ಷದ ಹಿಂದೆ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯ ಒಬ್ಬ ಹುಡುಗಿ ಪ್ರವೇಶಕ್ಕೆ ಬಂದಳು. ಅಪ್ಪ ಕುರಿ ಕಾಯುವವರು. ಅವಳ ನಾಲ್ಕು ಕಾರ್ಡುಗಳಲ್ಲಿ ಹತ್ತನೇ ತರಗತಿಯದಕ್ಕೆ ಮಾತ್ರ ಪ್ಲಾಸ್ಟಿಕ್ ಇತ್ತು. ನಾಳೆ ತೆಗೆಸಿಕೊಂಡು ಬರುತ್ತೇನೆ ಎಂದಳು. ಅವಳ ಹಿಂದೆ ಸಾಲು ನಿಂತಿತ್ತು, ನನಗೆ ನಾಳೆ ಎಂಬ ಮಾತೇ ಆಗುವುದಿಲ್ಲ. ಮೇಜಿನ ಮೇಲಿದ್ದ ಬ್ಲೇಡು ತೆಗೆದುಕೊಂಡು ಅಂಚು ಕೊಯ್ದು ಪ್ಲಾಸ್ಟಿಕ್ಕನ್ನು ಪರ್ರೆಂದು ಕಿತ್ತೆ. ಕಾಗದದ ಮೇಲ್ಪದರವೂ ಅಲ್ಲಲ್ಲಿ ಅದರ ಜೊತೆ ಎದ್ದು ಬಂತು. ಅಕ್ಷರಗಳು ಕಾಣುತ್ತಿದ್ದವು, ಅಷ್ಟು ಸಾಕೆಂದು ಮೊಹರು ಒತ್ತಿದೆ. ಹುಡುಗಿ ಕಸದ ಬುಟ್ಟಿಗೆ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎತ್ತಿಕೊಂಡು, ಮಡಿಸಿ, ಬ್ಯಾಗಿನಲ್ಲಿ ಇಟ್ಟುಕೊಂಡು ಹೋದಳು.

ಇದಿಷ್ಟು ಮೊದಲು ಹೇಳಬೇಕಿತ್ತು. ನೀರಿನ ಮಾತು ಇನ್ನು.

ಎರಡು ವರ್ಷ ಕಳೆದು ಅವಳ ಓದು ಮುಗಿದ ವರ್ಷ ಹಿಂಗಾರು ಹಿಡಿದದ್ದು ಬಿಡಲೇ ಇಲ್ಲ. ಕೇಂದ್ರದ ಮೇಲಿನ ಕೆರೆ ಕೋಡಿ ಬಿದ್ದಿದೆ ಎಂದು ಎಲ್ಲರೂ ನೋಡಲು ಹೋಗಿ ಫೋಟೋ ಹಿಡಿದು ಬಂದರು. ಭಾನುವಾರ ಬೆಳಗಿನ ಜಾವ ಏರಿಯೇ ಕೊಚ್ಚಿಹೋಯಿತು. ಹಾಸ್ಟೆಲಿನ ಮಕ್ಕಳು ಮಹಡಿ ಹತ್ತಿ ಉಳಿದರು, ಯಾರಿಗೂ ಏನೂ ಆಗಲಿಲ್ಲ. ನಾನು ತಲುಪುವ ಹೊತ್ತಿಗೆ ನೀರು ಇಳಿದಿತ್ತು, ಮಳೆ ನಿಂತು ಬಿಸಿಲೂ ಬಿದ್ದಿತ್ತು. ಕಚೇರಿಯಲ್ಲಿ ಮೊಣಕಾಲುದ್ದ ಕೆಸರು, ಅಲ್ಮೇರಾ ಬೋರಲು ಬಿದ್ದಿತ್ತು. ಸೊಂಟದಲ್ಲಿ ಬೀಗದ ಕೈ ಇತ್ತು, ಬೀಗಕ್ಕೆ ಅದು ಹೋಗಲಿಲ್ಲ. ಹಾರೆಯಿಂದ ಮೀಟಿ ತೆಗೆದೆವು.

ನನಗೆ ಚಿಂತೆ ಇದ್ದದ್ದು ಆ ಹುಡುಗಿಯ ಲಕೋಟೆಯದು. ಓದು ಮುಗಿಸಿದ್ದಳು, ಪರೀಕ್ಷೆ ಬರೆದು ವಸತಿ ಶಾಲೆಯ ಶಿಕ್ಷಕಿ ಹುದ್ದೆಯ ಆಯ್ಕೆ ಪಟ್ಟಿಗೂ ಬಂದಿದ್ದಳು. ಇನ್ನು ಒಂಬತ್ತು ದಿನಕ್ಕೆ ಬಳ್ಳಾರಿಯಲ್ಲಿ ಮೂಲ ದಾಖಲೆಗಳ ಪರಿಶೀಲನೆ. ಶನಿವಾರ ಬಂದು ಕಾರ್ಡು ಕೇಳಿದ್ದಳು. ಸಹಿ ಮಾಡುವವರು ರಜೆಯಲ್ಲಿದ್ದರು, ಸೋಮವಾರ ಬಾ ಎಂದು ಕಳಿಸಿದ್ದೆ. ಅದಕ್ಕೇ ಅವಳು ಗೆಳತಿಯರ ಜೊತೆ ಹಾಸ್ಟೆಲಿನಲ್ಲಿ ಉಳಿದಿದ್ದಳು.

ಆ ದಿನಗಳಲ್ಲಿ ಯಾರು ಮೇಷ್ಟ್ರು, ಯಾರು ಜವಾನ ಎಂದು ಗೊತ್ತಾಗುತ್ತಿರಲಿಲ್ಲ. ಅರ್ಥಶಾಸ್ತ್ರದ ಪ್ರೊಫೆಸರು ಪ್ಯಾಂಟು ಮಡಿಸಿಕೊಂಡು ಮಂಕರಿಯಲ್ಲಿ ಕೆಸರು ಹೊರುತ್ತಿದ್ದರು. ಅವರು ಇಷ್ಟು ಕೆಲಸ ಮಾಡಿದ್ದನ್ನು ನಾನು ಹದಿನೈದು ವರ್ಷದಲ್ಲಿ ನೋಡಿರಲಿಲ್ಲ, ಹಾಗೆಂದು ಅವರಿಗೇ ಹೇಳಿದೆ. ತೆಲಿಗಿ ಊರಿನವರು ಟ್ರ್ಯಾಕ್ಟರಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದು ಇಳಿಸಿದರು. ಓದಿ ಹೋದ ಹಳೆಯ ಮಕ್ಕಳು ಕೂಡ್ಲಿಗಿಯಿಂದ, ಹಡಗಲಿಯಿಂದ ಚಾಪೆ, ಬಟ್ಟೆ ಹೊತ್ತು ಬಂದರು. ಎಲ್ಲರೂ ಏನೋ ಒಂದು ಮಾಡುತ್ತಿದ್ದರು. ನಾನು ಎಲ್ಲರ ಕೆಲಸದಲ್ಲೂ ಬಾಯಿ ಹಾಕುತ್ತ ತಿರುಗುತ್ತಿದ್ದೆ.

ಹಾಸ್ಟೆಲಿನ ಅಡುಗೆಯಾಕೆ ಹೊಳೆ ದಂಡೆಯ ಮಾಗಳ ಊರಿನವಳು. ಹೊಳೆ ಮನೆಯೊಳಗೆ ಬಂದು ಹೋಗುವುದನ್ನು ಚಿಕ್ಕಂದಿನಿಂದ ಕಂಡವಳು. ಲಕೋಟೆಗಳ ರಾಶಿ ನೋಡಿ ಹತ್ತಿರ ಬಂದಳು.

“ಕೆಸರು ಒಣಗಾಕ ಬಿಡಬ್ಯಾಡ್ರಿ ಅಕ್ಕಾರ. ಹಸಿ ಇದ್ದಾಗ ತಿಳಿನೀರಾಗ ಅದ್ದಿ ತೆಗೀಬೇಕು. ಒಣಗಿದ್ರ ಕಚ್ಚಿಕೊಂತೈತಿ.”

ಇದು ನಿನ್ನ ಸಾರಿನ ಪಾತ್ರೆ ಅಲ್ಲ, ಕಾಗದ ಎಂದೆ. ನೆಂದ ಕಾಗದವನ್ನು ಮತ್ತೆ ನೀರಿಗೆ ಹಾಕು ಅನ್ನುವವಳ ಮಾತು ಯಾರು ಕೇಳುತ್ತಾರೆ? ನಾವು ಮೆಣಸಿನಕಾಯಿ, ಶೇಂಗಾ, ಜೋಳ ಎಲ್ಲವನ್ನೂ ಬಿಸಿಲಿಗೆ ಹರವಿ ಬೆಳೆದವರು, ಹಸಿಯಾಗಿದ್ದಕ್ಕೆಲ್ಲ ಬಿಸಿಲೇ ಮದ್ದು ಎಂದು ನನ್ನ ತಲೆಯಲ್ಲಿತ್ತು. ಹುಡುಗಿಯ ಲಕೋಟೆಯನ್ನು ಹುಡುಕಿ ತೆಗೆದೆ. ಎಲ್ಲರಿಗಿಂತ ಮೊದಲು ಅವಳದು ಒಣಗಬೇಕು. ನಾಲ್ಕೂ ಕಾರ್ಡುಗಳು ಒಂದಕ್ಕೊಂದು ಅಂಟಿದ್ದವು. ಒಣಗಿದರೆ ತಾವೇ ಬಿಡುತ್ತವೆ ಎಂದುಕೊಂಡು ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ, ಬಿಸಿಲು ಚುರುಗುಟ್ಟುವ ಜಾಗದಲ್ಲಿ ಇಟ್ಟೆ. ಅರ್ಧ ಗಂಟೆಗೊಮ್ಮೆ ಏಣಿ ಹತ್ತಿ ನೋಡಿದೆ. ಸಂಜೆಗೆ ನಾಲ್ಕೂ ಸೇರಿ ಒಂದೇ ಹಲಗೆಯಾಗಿ ಸೆಟೆದು ನಿಂತಿದ್ದವು.

ಮರುದಿನ ಬೆಳಿಗ್ಗೆ ಹುಡುಗಿಯ ಅಪ್ಪ ಬಂದರು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಬಸ್ಸಿಲ್ಲದ ಕಡೆ ನಡೆದು, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಬಂದಿದ್ದರು. ಮಗಳನ್ನು ಮೇಲಿಂದ ಕೆಳಗೆ ನೋಡಿ ಸಮಾಧಾನ ಮಾಡಿಕೊಂಡರು, ಆಮೇಲೆ ನನ್ನ ಕೈಯಲ್ಲಿದ್ದ ಹಲಗೆಯನ್ನು ನೋಡಿದರು. ಬಿಸಿಲಿಗೆ ಹಾಕಿದ್ದೆ ಎಂದು ಹೇಳಿದೆ.

“ಹಸಿ ಕಂಬ್ಳಿನೂ ನಾವು ಬಿಸಲಿಗಿ ಹಾಕಂಗಿಲ್ರಿ ಅಕ್ಕಾರ, ಸೆಟಕೊಂತೈತಿ. ನೆಳ್ಳಾಗ ಹಾಕಿ, ಮಗ್ಗಲು ಹೊಳ್ಳಿಸಿ ಹೊಳ್ಳಿಸಿ ಆರಸಬೇಕು. ಉಳಿದಾವು ಅದಾವಲ್ಲ, ಅವನ್ನ ಮೊದ್ಲ ನೋಡೂಣು.”

ಮಧ್ಯಾಹ್ನದ ಹೊತ್ತಿಗೆ ಅವರ ಹಟ್ಟಿಯವರು ಕಂಬಳಿ ಹೊತ್ತು ಬಂದರು. ಅಡುಗೆಯಾಕೆ ದೊಡ್ಡ ಹಂಡೆಗಳಲ್ಲಿ ತಿಳಿನೀರು ತುಂಬಿಸಿದಳು, ನನ್ನ ಕಡೆ ನೋಡಲೇ ಇಲ್ಲ. ಒಂದೊಂದೇ ಕಾರ್ಡು ಅದ್ದಿ, ಕೆಸರು ಬಿಡಿಸಿ, ಮಹಡಿಯ ತರಗತಿಗಳಲ್ಲಿ ಹಾಸಿದ ಕಂಬಳಿಯ ಮೇಲೆ ಸಾಲಾಗಿ ಇಟ್ಟು, ಮೇಲೊಂದು ಕಂಬಳಿ ಮುಚ್ಚುವುದು. ಉಣ್ಣೆ ನೀರು ಎಳೆದುಕೊಳ್ಳುತ್ತದೆ. ಭಾರ ಬೇಕಲ್ಲ, ಅದಕ್ಕೆ ಮಕ್ಕಳು ಅದರ ಮೇಲೆ ಕೂತರು. ಒಂದೊಂದು ಕಂಬಳಿಯ ಮೇಲೆ ಏಳೆಂಟು ಜನ ಚಕ್ಕಳಮಕ್ಕಳ ಹಾಕಿಕೊಂಡು ರೊಟ್ಟಿ ತಿನ್ನುತ್ತ, ಯಾರ ಮಾರ್ಕು ಯಾರ ಕುಂಡಿಯ ಕೆಳಗೆ ಒಣಗುತ್ತಿದೆ ಎಂದು ನಗುತ್ತಿದ್ದರು. ಕಟ್ಟಡವೆಲ್ಲ ಕುರಿ ವಾಸನೆ. ಮೂರು ದಿನದಲ್ಲಿ ಬಹುಪಾಲು ಕಾರ್ಡುಗಳು ಸುಕ್ಕಾದರೂ ಓದುವಂತೆ ಎದ್ದವು. ನನ್ನನ್ನೂ ಕೂರಲು ಕರೆದರು, ನಾನು ಎರಡು ನಿಮಿಷ ಕೂತು ಎದ್ದೆ.

ಹುಡುಗಿಯ ಹಲಗೆಯನ್ನು ಅಪ್ಪ ಬೇರೆ ಬೋಗುಣಿಯಲ್ಲಿ ನೆನೆಹಾಕಿದ್ದರು. ಗಳಿಗೆಗೊಮ್ಮೆ ಹೋಗಿ ಇಣುಕುತ್ತಿದ್ದ ನನ್ನನ್ನು, ನೀವು ಚಾ ಕುಡಿದು ಬರ್ರಿ ಎಂದು ಎರಡು ಸಲ ಸಾಗಹಾಕಿದರು. ಉಣ್ಣೆಯಲ್ಲಿ ಸಿಕ್ಕಿದ ಉತ್ತರಾಣಿ ಮುಳ್ಳು ಬಿಡಿಸುವ ಬೆರಳುಗಳು ಅವು. ಒಂದು ಕಾರ್ಡು ಬಿಟ್ಟಿತು, ಇನ್ನೊಂದು ಬಿಟ್ಟಿತು, ಮೂರನೆಯದೂ ಬಂತು. ಹತ್ತನೇ ತರಗತಿಯದರ ಮುಖ ಮಾತ್ರ ಬರಲಿಲ್ಲ. ಹೆಸರಿದ್ದ ಕಡೆ, ನೋಂದಣಿ ಸಂಖ್ಯೆ ಇದ್ದ ಕಡೆ, ನಾನು ಹಿಂದೆ ಪದರ ಎಬ್ಬಿಸಿದ್ದ ಜಾಗದಲ್ಲೆಲ್ಲ ಕಾಗದ ಹಿಟ್ಟಾಗಿ ಅವರ ಬೆರಳಿಗೆ ಮೆತ್ತಿಕೊಂಡಿತು. ಅವರು ಬೆರಳನ್ನೇ ನೋಡುತ್ತ ಕೂತರು.

“ಇದಕ್ಕ ಕೊಟ್ಟೂರಾಗ ನಾನ ನಿಂತು ಪ್ಲಾಸ್ಟಿಕ್ ಹಾಕಿಸಿದ್ನೆಲ್ಲ. ಎಲ್ಲಿ ಹೋತು ಅದು?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಹೇಳಿದಳು: “ನಾನ ತೆಗ್ದೆ ಯಪ್ಪಾ. ಒಳಗ ಗುಳ್ಳಿ ಎದ್ದಿತ್ತು.”

ಅವರು ಮಗಳನ್ನು ಬೈದರು. ಇಷ್ಟು ಓದಿ ಒಂದು ಹಾಳೆ ಜ್ವಾಕಿ ಮಾಡಾಕ ಬರಲಿಲ್ಲ ನಿನಗ, ಓದಿದ್ದು ಎಲ್ಲಿ ಹೋತು ಎಂದರು. ಸುತ್ತ ಅವಳ ಗೆಳತಿಯರಿದ್ದರು. ಅವಳು ತಲೆ ತಗ್ಗಿಸಿ ಬೋಗುಣಿಯ ನೀರು ಚೆಲ್ಲಿ ಬಂದಳು. ಊರವರ ಕೆಲಸದಲ್ಲೆಲ್ಲ ಬಾಯಿ ಹಾಕುವ ನಾನು, ಅವತ್ತು ಬಾಯಿ ಮುಚ್ಚಿಕೊಂಡು ನಿಂತೆ. ಅವಳು ಯಾಕೆ ಹಾಗೆ ಹೇಳಿದಳೆಂದು ನನಗೆ ಗೊತ್ತು. ಅವಳ ಬಳ್ಳಾರಿಯ ಕೆಲಸಕ್ಕೆ ಬೇಕಾದ ಪತ್ರ ಬರೆಯುವ ಕೈ ನನ್ನದು. ನನ್ನನ್ನು ಎದುರು ಹಾಕಿಕೊಳ್ಳುವ ಸ್ಥಿತಿಯಲ್ಲಿ ಅವಳು ಇರಲಿಲ್ಲ.

ಪತ್ರ ಬರೆದೆ. ಕಾರ್ಡು ಪ್ರವಾಹದಲ್ಲಿ ಹಾಳಾಗಿದೆ ಎಂದು ಬರೆದೆ. ಬ್ಲೇಡಿನ ಮಾತು ಬರೆಯಲಿಲ್ಲ, ತಗಡಿನ ಮಾತೂ ಬರೆಯಲಿಲ್ಲ. ಅವಳ ಜೊತೆ ಬಸ್ಸು ಹತ್ತಿ ಬಳ್ಳಾರಿಗೆ ಹೋದೆ. ಅಧಿಕಾರಿಗಳು ಮೂರು ಕಾರ್ಡು ನೋಡಿ ತಲೆಯಾಡಿಸಿದರು, ನಾಲ್ಕನೆಯದಕ್ಕೆ ಪರೀಕ್ಷಾ ಮಂಡಳಿಯಿಂದ ನಕಲು ಕಾರ್ಡು ತರಲು ಎರಡು ತಿಂಗಳ ಅವಕಾಶ ಕೊಟ್ಟರು, ತರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೆಲಸ ಎಂದರು. ಆ ಎರಡು ತಿಂಗಳು ನಾನು ಪರೀಕ್ಷಾ ಮಂಡಳಿಗೆ ಫೋನು ಮಾಡಿದ್ದಕ್ಕೆ ಲೆಕ್ಕವಿಲ್ಲ. ಅಲ್ಲಿನವರು ನನ್ನ ದನಿ ಕೇಳಿದ ಕೂಡಲೇ ಮೇಡಂ, ಆಗ್ತದೆ ಇರ್ರಿ ಎನ್ನುತ್ತಿದ್ದರು. ಊಟಕ್ಕೆ ಕೂತರೆ ಅವಳು ನೀರು ಚೆಲ್ಲಲು ಹೋದ ನಡಿಗೆ ಕಣ್ಣ ಮುಂದೆ ಬರುತ್ತಿತ್ತು. ತಟ್ಟೆ ಬಿಟ್ಟು ಎದ್ದು ತಿರುಗುತ್ತಿದ್ದೆ.

ಗಡುವಿಗೆ ನಾಲ್ಕು ದಿನ ಇರುವಾಗ ನಕಲು ಕಾರ್ಡು ಬಂತು. ಬಳ್ಳಾರಿಗೆ ತೋರಿಸಿಯೂ ಆಯಿತು. ಕೆಲಸದ ಆದೇಶ ಕೈಗೆ ಸಿಕ್ಕ ಮೇಲೆ ಅಪ್ಪ ಮಗಳು ಇಬ್ಬರೂ ಕಚೇರಿಗೆ ಬಂದರು. ಗೋಡೆಗೆ ಹೊಸ ಸುಣ್ಣ ಬಿದ್ದಿತ್ತು, ಮೊಣಕಾಲೆತ್ತರದ ಕೆಸರಿನ ಕಲೆ ಅದರ ಕೆಳಗಿನಿಂದಲೂ ಕಾಣುತ್ತಿತ್ತು. ಅಪ್ಪ ಚೀಲದಿಂದ ಬೆಲ್ಲದ ಅಚ್ಚು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆ ನಕಲು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

“ಇದು ನಿಮ್ಮ ಹತ್ರನ ಇರ್ಲಿ ಅಕ್ಕಾರ. ಇಕಿ ಕೈಯಾಗ ಕೊಡಂಗಿಲ್ಲ ನಾನು. ನೀವು ಜ್ವಾಕಿ ಮಾಡೋರು.”

ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಕೆಲಸ ಆಗಿತ್ತು, ಈಗ ನನ್ನ ಪತ್ರ ಅವಳಿಗೆ ಬೇಕಿರಲಿಲ್ಲ. ಆದರೂ ಹೇಳಲಿಲ್ಲ. ನಾನು ಕಾರ್ಡು ಮುಟ್ಟದೆ ಎದ್ದು ನಿಂತೆ.

“ಯಜಮಾನ್ರ, ಪ್ಲಾಸ್ಟಿಕ್ ಕಿತ್ತಾಕಿ ನಾನು. ಇದ ಮೇಜಿನ ಮ್ಯಾಲೆ, ಬ್ಲೇಡಿನಿಂದ. ತಗಡಿನ ಮ್ಯಾಲೆ ಇಟ್ಟಾಕಿನೂ ನಾನು. ನಿಮ್ಮ ಮಗಳು ಅದನ್ನ ತನ್ನ ಮ್ಯಾಲೆ ಹಾಕ್ಕೊಂಡ್ಳು.”

ಅವರು ನನ್ನನ್ನು ನೋಡಿದರು, ನನ್ನ ಹಿಂದಿನ ಗೋಡೆಯಲ್ಲಿ ನಾನೇ ಮತ್ತೆ ಬರೆದು ಅಂಟಿಸಿದ್ದ ಸೂಚನೆಯನ್ನು ನೋಡಿದರು. ಅವರಿಗೆ ಓದಲು ಬರುವುದಿಲ್ಲ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಮಗಳ ಕಡೆ ತಿರುಗಿ, ಅವಳ ಬಲಗೈಯನ್ನು ತಾವೇ ಎತ್ತಿ ಅಂಗೈ ಮೇಲೆ ಮಾಡಿ, ಕಾರ್ಡನ್ನು ಅದರ ಮೇಲಿಟ್ಟು, ತಮ್ಮ ಎರಡೂ ಕೈಗಳನ್ನು ಅದರ ಸುತ್ತ ಮುಚ್ಚಿ ಹಿಡಿದರು.