ಎರಡು ಕಡ್ಡಿಯ ಅಳತೆ

ಮಗಳನ್ನು ಎಂಟನೇ ಕ್ಲಾಸಿಗೆ ಪಾಂಡವಪುರದ ಹೈಸ್ಕೂಲಿಗೆ ಸೇರಿಸಿದ ವರ್ಷ ಅವಳಿಗೆ ಶೂ ಎಲ್ಲಿ ತರುವುದೆಂದು ನಾನು ಒಂದು ವಾರ ಅಳೆದೂ ಸುರಿದೂ ನೋಡಿದೆ. ನಮ್ಮ ಹಳ್ಳಿಗೆ ಹತ್ತಿರದ ಪೇಟೆ ಪಾಂಡವಪುರವೇ. ಆದರೆ ಆ ವಾರ ಅಲ್ಲಿನ ಚಪ್ಪಲಿ ಅಂಗಡಿಗಳ ಬೆಂಚಿನ ಮೇಲೆ ಅದೇ ಸ್ಕೂಲಿನ ಮಕ್ಕಳು, ಅವರ ಅಪ್ಪ ಅಮ್ಮಂದಿರು ಸಾಲಾಗಿ ಕೂತಿರುತ್ತಾರೆ. ಶ್ರೀರಂಗಪಟ್ಟಣಕ್ಕೆ ಹೋಗೋಣವೆಂದರೆ ಪಕ್ಕದ ಬಾಬುರಾಯನಕೊಪ್ಪಲಿನಲ್ಲಿ ನನ್ನ ತವರು. ಅಲ್ಲಿಯವರ ಕಣ್ಣು ತಪ್ಪಿಸಿ ನಾನು ಒಂದು ಮೊಳ ಹೂವನ್ನೂ ಕೊಂಡವಳಲ್ಲ. ನಾಗಮಂಗಲದಲ್ಲಿ ನಾದಿನಿ ಇದ್ದಾಳೆ. ಅವಳಿಗೆ ಬೆಳಿಗ್ಗೆ ಗೊತ್ತಾದದ್ದು ಸಂಜೆಗೆ ಬೆಳ್ಳೂರು ಕ್ರಾಸಿನ ಹೋಟೆಲಿನವರಿಗೂ ಗೊತ್ತಾಗಿರುತ್ತದೆ. ಕೊನೆಗೆ ಉಳಿದದ್ದು ಕೆ.ಆರ್.ಪೇಟೆ. ಅಲ್ಲಿ ನನ್ನನ್ನು ಕಂಡು ಚೆನ್ನಾಗಿದ್ದೀಯಾ ಎಂದು ಕೇಳುವವರು ಒಬ್ಬರೂ ಇಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಅಷ್ಟು ದೂರ ಯಾಕೆ ಹೋದೆ ಎಂದು ಕೇಳುವವರೂ ಇಲ್ಲ.

ಇಷ್ಟೆಲ್ಲ ಮಾಡಿ ನಾನು ಮುಚ್ಚಿಡಬೇಕೆಂದಿದ್ದದ್ದು ಮಗಳ ಎಡಗಾಲನ್ನು. ಹುಟ್ಟಿದಾಗ ಆ ಪಾದ ಒಳಕ್ಕೆ ತಿರುಗಿಕೊಂಡಿತ್ತು. ಹಸುಗೂಸಿಗೆ ವಾರ ವಾರವೂ ಮೈಸೂರಿಗೆ ಹೋಗಿ ಹೊಸ ಪ್ಲಾಸ್ಟರು ಸುತ್ತಿಸಿಕೊಂಡು ಬಂದೆವು. ಆಮೇಲೆ ನಾಲ್ಕು ವರ್ಷ ತುಂಬುವವರೆಗೂ ಅವಳು ಮಲಗುವಾಗ ನಡುವೆ ಕಂಬಿಯಿರುವ ಬೂಟು ಹಾಕಿಯೇ ಮಲಗಿದಳು. ಪಾದ ನೆಟ್ಟಗಾಯಿತು. ಡಾಕ್ಟರು ಬಹಳ ಸಂತೋಷಪಟ್ಟು, ಇನ್ನು ಓಡಬಹುದು, ಆಡಬಹುದು, ಈ ಪಾದ ಮಾತ್ರ ಇನ್ನೊಂದಕ್ಕಿಂತ ಒಂದೆರಡು ನಂಬರು ಚಿಕ್ಕದಾಗಿಯೇ ಬೆಳೆಯುತ್ತದೆ, ಅದಕ್ಕೆ ಏನೂ ಮಾಡುವುದು ಬೇಡ ಅಂದರು. ಅವರು ಹೇಳಿದ ಅಷ್ಟೂ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಚಿಕ್ಕದು ಎಂಬುದೊಂದೇ.

ಅದಕ್ಕೊಂದು ಕಾರಣವಿತ್ತು. ಏಳು ತಿಂಗಳ ಬಸುರಿಯಾಗಿದ್ದಾಗ ಗ್ರಹಣದ ದಿನ, ಹಸು ಅರಚುತ್ತಿದೆ ಎಂದು ನಾನು ಕುಡುಗೋಲು ಹಿಡಿದು ಒಂದು ಹೊರೆ ಸೀಮೆಹುಲ್ಲು ಕೊಯ್ದು ತಂದಿದ್ದೆ. ಮಗು ಹುಟ್ಟಿದ ದಿನ ಅದರ ಕಾಲು ನೋಡಿ ನನ್ನ ಅತ್ತೆ, "ಗ್ರಾಣದಲ್ಲಿ ನೀನು ಕುಡ್ಲು ಮುಟ್ಟಿದ್ದೆ ಕಣವ್ವ" ಅಂದರು. ಬೈಯಲಿಲ್ಲ, ಮತ್ತೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ನಾನು ಪಿಯುಸಿ ಸೈನ್ಸ್ ಓದಿದವಳು. ಗ್ರಹಣವೆಂದರೇನೆಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಹಾಗಿದ್ದರೂ ಮಗಳ ಕಾಲನ್ನು ಯಾರಾದರೂ ದಿಟ್ಟಿಸಿದರೆ ಅವರು ನನ್ನ ಕೈಯನ್ನೇ ನೋಡುತ್ತಿದ್ದಾರೆ ಎನಿಸುತ್ತಿತ್ತು. ಹದಿಮೂರು ವರ್ಷ ಹಾಗೆಯೇ ಎನಿಸಿತು.

ನಾನು ಬೇರೆ ವಿಷಯಕ್ಕೆ ಹೆದರುವ ಹೆಂಗಸಲ್ಲ. ಊರಿನ ಡೇರಿಯಲ್ಲಿ ಹಾಲು ಟೆಸ್ಟ್ ಮಾಡುವವಳು ನಾನೇ. ಹಾಲಿಗೆ ನೀರು ಬೆರೆಸಿ ತಂದವರು ಎಂಥ ಮೀಸೆಯವರಾದರೂ ಡಿಗ್ರಿ ಬರಲಿಲ್ಲ ಎಂದು ಎಲ್ಲರೆದುರಿಗೇ ಹೇಳಿ ಕ್ಯಾನು ವಾಪಸು ಕಳಿಸಿದ್ದೇನೆ. ಅವಳ ಬಾಯಿಗೆ ಬೀಗ ಇಲ್ಲ ಅನ್ನುವುದು ಊರಿನವರು ನನಗೆ ಕೊಟ್ಟಿರುವ ಬಿರುದು.

ನಮ್ಮ ಕಡೆ ಚಪ್ಪಲಿ ತರಲು ಮಕ್ಕಳನ್ನು ಕರೆದುಕೊಂಡೇ ಹೋಗಬೇಕೆಂದಿಲ್ಲ. ತೆಂಗಿನ ಗರಿಯ ಕಡ್ಡಿಯನ್ನು ಪಾದದ ಪಕ್ಕ ಇಟ್ಟು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದುಕೊಂಡರೆ ಆಯಿತು. ಪೇಟೆಗೆ ಹೋಗುವವರು ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ಅಂಗಡಿಯವರು ಆ ಕಡ್ಡಿಯನ್ನು ಚಪ್ಪಲಿಯೊಳಗೆ ಮಲಗಿಸಿ ನೋಡಿ, ಬೆಳೆಯುವ ಕಾಲು ಎಂದು ಒಂದು ಬೆರಳು ಜಾಗ ಬಿಟ್ಟು ಕೊಡುತ್ತಾರೆ. ನನಗೆ ಈ ಪದ್ಧತಿ ದೇವರು ಕೊಟ್ಟ ಹಾಗಿತ್ತು. ಪ್ರತಿ ವರ್ಷ ಮಗಳ ಬಲಗಾಲಿನದೊಂದೇ ಅಳತೆ ತೆಗೆದುಕೊಂಡು ಹೋಗುತ್ತಿದ್ದೆ. ಎಡಗಾಲಿನ ಕಡೆ ಬೆರಳ ಜಾಗಕ್ಕೆ ಹಳೇ ಬಟ್ಟೆ ತುರುಕಿ ಕೊಡುತ್ತಿದ್ದೆ. ಊರಿನ ಸ್ಕೂಲಿನಲ್ಲಿ ಅದು ನಡೆಯಿತು. ಅಲ್ಲಿ ಶೂ ಹಾಕುತ್ತಿದ್ದದ್ದೇ ಕಡಿಮೆ, ಅಲ್ಲದೆ ಆ ಮಕ್ಕಳೆಲ್ಲ ಅವಳ ಕಾಲನ್ನು ಅಂಬೆಗಾಲಿನ ದಿನದಿಂದಲೇ ನೋಡಿದ್ದವರು.

ಹೈಸ್ಕೂಲು ಹಾಗಲ್ಲ. ದಿನವೂ ಕಪ್ಪು ಲೇಸಿನ ಶೂ ಹಾಕಲೇಬೇಕು, ಬಸ್ಸಿಳಿದು ಒಂದೂವರೆ ಕಿಲೋಮೀಟರು ನಡೆಯಬೇಕು. ಅಡ್ಮಿಶನ್ನಿಗೆ ಹೋದ ದಿನ ಅವಳು ಬಟ್ಟೆ ತುರುಕಿದ ಹಳೇ ಶೂ ಹಾಕಿಕೊಂಡಿದ್ದಳು. ಸ್ಕೂಲಿನ ಉದ್ದದ ವರಾಂಡದಲ್ಲಿ ನಡೆಯುವಾಗ ಎಡಗಾಲಿನ ಹಿಮ್ಮಡಿ ಶೂವಿನಿಂದ ಎದ್ದು ಎದ್ದು ಟಪಕ್ ಟಪಕ್ ಎಂದು ಸದ್ದಾಯಿತು. ಕಂಬಕ್ಕೆ ಒರಗಿ ನಿಂತಿದ್ದ ಇಬ್ಬರು ಹುಡುಗಿಯರು ತಿರುಗಿ ನೋಡಿದರು. ಬರೀ ನೋಡಿದರು, ನಗಲಿಲ್ಲ. ಆದರೂ ಈ ಸ್ಕೂಲಿನಲ್ಲಿ ಇವಳಿಗೆ ಮೊದಲ ದಿನವೇ ಒಂದು ಅಡ್ಡಹೆಸರು ಬೀಳುತ್ತದೆ, ಹತ್ತನೇ ಕ್ಲಾಸು ಮುಗಿಯುವವರೆಗೂ ಅದು ಹೋಗುವುದಿಲ್ಲ ಎಂಬ ಚಿಂತೆ ಹತ್ತಿಕೊಂಡಿತು. ಆ ಯೋಚನೆಯಲ್ಲಿ ಒಂದು ಬೆಳಿಗ್ಗೆ ಡೇರಿಯಲ್ಲಿ ಇಬ್ಬರ ಹಾಲಿನ ಫ್ಯಾಟು ಅದಲು ಬದಲು ಬರೆದು, ಜೀವನದಲ್ಲಿ ಮೊದಲ ಸಲ ಬೈಸಿಕೊಂಡೆ.

ಹಾಗಾಗಿ ಈ ಸಲ ಎರಡು ಜೊತೆ ಶೂ ತಂದು, ಒಂದರಿಂದ ಬಲಗಾಲಿನದು, ಇನ್ನೊಂದರಿಂದ ಎಡಗಾಲಿನದು ಹಾಕಿಸುವುದೆಂದು ತೀರ್ಮಾನಿಸಿದೆ. ಮಗಳು ಜಗಲಿಯ ಮೇಲೆ ಕೂತು ಓದುತ್ತಿದ್ದಾಗ ಎರಡು ಪಾದಕ್ಕೂ ಬೇರೆ ಬೇರೆ ಕಡ್ಡಿ ಹಿಡಿದು ಮುರಿದುಕೊಂಡೆ. ನಾನೂ ಬತ್ತೀನಿ ಅಂದಳು. ಬಿಸಿಲು, ರಶ್ಶು, ಬೇಡ ಅಂದೆ.

ಕೆ.ಆರ್.ಪೇಟೆಯಲ್ಲಿ ನಾನು ಹೊಕ್ಕ ಚಪ್ಪಲಿ ಅಂಗಡಿಯ ಯಜಮಾನರು ಬಿಳಿ ಗಡ್ಡದ ಮುದುಕರು. ಅಂಗಡಿ ತುಂಬ ಜನವಿದ್ದರೂ ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿಸುತ್ತಿದ್ದರು. ನಾನು ಕೊಟ್ಟ ಎರಡು ಕಡ್ಡಿಗಳನ್ನು ಒಂದರ ಪಕ್ಕ ಒಂದು ಹಿಡಿದು ನೋಡಿ, ಇಬ್ಬರು ಮಕ್ಕಳಾ ತಾಯಿ ಎಂದು ಕೇಳಿದರು.

ಹೌದು ಅಂದೆ.

ಅಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ದೊಡ್ಡವಳು ಯಾವ ಕ್ಲಾಸು ಎಂದರು, ಎಂಟು ಎಂದೆ. ಚಿಕ್ಕವಳು ಎಂದರು, ಐದು ಎಂದೆ. ಇಬ್ಬರೂ ಒಂದೇ ಸ್ಕೂಲಾ ಎಂದರು, ಹೌದು ಎಂದೆ. ಚೆನ್ನಾಗಿ ಓದುತ್ತಾರಾ ಎಂದದ್ದಕ್ಕೆ, ದೊಡ್ಡವಳು ಓದುತ್ತಾಳೆ, ಚಿಕ್ಕವಳಿಗೆ ಬರೀ ಓಡುವುದೇ ಕೆಲಸ ಎಂದುಬಿಟ್ಟೆ. ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ಒಂದು ಸುಳ್ಳಿನ ಹಿಂದೆ ಹತ್ತು ಸುಳ್ಳು ಅನ್ನುತ್ತಾರಲ್ಲ, ಹಾಗೆ ಆ ಐದನೇ ಕ್ಲಾಸಿನವಳು ನನ್ನ ಬಾಯಿಂದ ಹುಟ್ಟಿ ಅಂಗಡಿಯ ತುಂಬ ಓಡಾಡತೊಡಗಿದಳು. ಅವರು ಡಬ್ಬಿಗಳನ್ನು ಕಟ್ಟಿಕೊಟ್ಟದ್ದೇ ತಡ, ತೆರೆದೂ ನೋಡದೆ ಬಸ್ ಸ್ಟ್ಯಾಂಡಿಗೆ ಬಂದೆ.

ಬಸ್ಸಿನಲ್ಲಿ ಕೂತು ಡಬ್ಬಿ ತೆರೆದೆ. ದೊಡ್ಡ ಅಳತೆಯದು ಲೇಸಿನ ಶೂ. ಚಿಕ್ಕದು, ಎಳೆದು ಅಂಟಿಸುವ ಪಟ್ಟಿಯದು. ಐದನೇ ಕ್ಲಾಸಿನ ಮಗುವಿಗೆ ಲೇಸು ಕಟ್ಟಿಕೊಳ್ಳಲು ಬರುವುದಿಲ್ಲವೆಂದು ಆ ಪುಣ್ಯಾತ್ಮರು ಯೋಚನೆ ಮಾಡಿ ಕೊಟ್ಟಿದ್ದರು. ಬಸ್ಸು ಆಗಲೇ ಊರು ದಾಟಿತ್ತು.

ಮನೆಯಲ್ಲಿ ಮಗಳು ಎರಡು ಡಬ್ಬಿ ನೋಡಿ ಯಾಕೆ ಎಂದಳು. ಒಂದೊಂದು ಕಾಲಿಗೆ ಒಂದೊಂದು ಡಬ್ಬಿಯದು ಎಂದೆ. ಬಲಗಾಲಿಗೆ ಲೇಸಿನದನ್ನೂ ಎಡಗಾಲಿಗೆ ಪಟ್ಟಿಯದನ್ನೂ ಹಾಕಿಕೊಂಡು ಚಾಪೆಯ ಮೇಲೆ ಎರಡು ಹೆಜ್ಜೆ ಹಾಕಿದಳು. ನಿಂತಳು. ಮತ್ತೆ ನಾಲ್ಕು ಹೆಜ್ಜೆ ಹಾಕಿದಳು. ಸದ್ದೇ ಇಲ್ಲ.

"ಕಾಲು ಒಳಗೆ ಅಲ್ಲಾಡ್ತಾನೇ ಇಲ್ಲ ಕಣಮ್ಮ" ಅಂದಳು.

ಇಷ್ಟು ವರ್ಷ ಅದು ಅಲ್ಲಾಡುತ್ತಿತ್ತು ಎಂದು ಅವಳು ನನಗೆ ಹೇಳಿಯೇ ಇರಲಿಲ್ಲ. ನಾನೂ ಕೇಳಿರಲಿಲ್ಲ. ಆಮೇಲೆ ಅವಳು ಬಗ್ಗಿ ಪಟ್ಟಿಯನ್ನು ನೋಡಿ, ಇದು ಚಿಕ್ಕ ಮಕ್ಕಳದು, ನಾಳೆ ಹೋಗಿ ಬದಲಾಯಿಸಿಕೊಂಡು ಬರೋಣ, ನಾನು ಹಾಕಿ ನೋಡಿಯೇ ತರಬೇಕು ಅಂದಳು. ನಾನೇ ಹೋಗಿ ಬರುತ್ತೇನೆ ಅಂದೆ. ಅವಳು ಹಟ ಹಿಡಿದಳು. ಸ್ಕೂಲು ಶುರುವಾಗಲು ಉಳಿದಿದ್ದದ್ದು ನಾಲ್ಕೇ ದಿನ. ನಾನು ಒಂದಾದಮೇಲೊಂದು ನೆಪ ಹೇಳುತ್ತಿದ್ದುದನ್ನು ಮೂಲೆಯಲ್ಲಿ ಹುರುಳಿ ಆರಿಸುತ್ತಿದ್ದ ಅತ್ತೆ ಕೇಳಿಸಿಕೊಳ್ಳುತ್ತಿದ್ದರು.

"ಕಾಲು ಅವಳ್ದು, ಅವಳ್ನ ಕರ್ಕೊಂಡೋಗದ್ಕೆ ನಿಂಗೇನವ್ವ ಕಷ್ಟ?" ಅಂದರು.

ಕೆ.ಆರ್.ಪೇಟೆಗೆ ಹೋಗುವ ಆ ಬಸ್ಸಿನ ದಾರಿಯಷ್ಟು ಉದ್ದದ ದಾರಿಯನ್ನು ನಾನು ಕಂಡಿಲ್ಲ. ಮಗಳು ಕಿಟಕಿಯ ಪಕ್ಕ ಕೂತು, ಹೊಸ ಸ್ಕೂಲಿನಲ್ಲಿ ಲ್ಯಾಬ್ ಇದೆಯಂತೆ, ಖೋ ಖೋ ಟೀಮ್ ಇದೆಯಂತೆ ಎಂದು ಹೇಳುತ್ತಲೇ ಇದ್ದಳು. ನಿನಗೊಬ್ಬಳು ತಂಗಿ ಇದ್ದಾಳೆಂದು ಅಂಗಡಿಯಲ್ಲಿ ಹೇಳಿಬಿಟ್ಟಿದ್ದೇನೆ ಎಂದು ಅವಳಿಗೆ ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಬೇರೇನೋ ಹೇಳಿದೆ. ಮುದುಕರು ಇವತ್ತು ಅಂಗಡಿಗೆ ಬಾರದೇ ಇರಲಿ, ಮಗನೋ ಅಳಿಯನೋ ಕೂತಿರಲಿ, ಅಥವಾ ಅಷ್ಟು ಗಿರಾಕಿಗಳ ನಡುವೆ ನನ್ನನ್ನು ಮರೆತಿರಲಿ ಎಂದು ಇರುವ ದೇವರಿಗೆಲ್ಲ ಕೈಮುಗಿದೆ.

ಅವರೇ ಇದ್ದರು. ಮರೆತೂ ಇರಲಿಲ್ಲ. ನನ್ನನ್ನು ಕಂಡೊಡನೆ ಬನ್ನಿ ತಾಯಿ ಎಂದು ಬೆಂಚು ತೋರಿಸಿದರು. ಅಲ್ಲಿ ಆಗಲೇ ಮೂವರು ಹೆಂಗಸರು ಮಕ್ಕಳ ಜೊತೆ ಕೂತಿದ್ದರು. ಮಗಳ ಕಡೆ ನೋಡಿ ನಗುತ್ತ, "ಇವ್ಳು ಎಂಟ್ನೇ ಕ್ಲಾಸ್ನೋಳಾ, ಇಲ್ಲ ಆ ಓಡೋ ಚಿಕ್ಕೋಳಾ?" ಎಂದು ಕೇಳಿದರು.

ಡೇರಿಯಲ್ಲಿ ಸಿಕ್ಕಿಬಿದ್ದವರು ನನ್ನೆದುರು ಹೇಗೆ ನಿಲ್ಲುತ್ತಾರೆಂದು ನನಗೆ ಚೆನ್ನಾಗಿ ಗೊತ್ತು, ಹಾಗೆಯೇ ನಿಂತೆ. ಮಗಳು ಅವರ ಮುಖ ನೋಡಿದಳು. ನನ್ನ ಕೈಯಲ್ಲಿದ್ದ ಎರಡು ಡಬ್ಬಿ ನೋಡಿದಳು. ಆಮೇಲೆ ನನ್ನ ಮುಖವನ್ನು ನೋಡಿದಳು. ಅವಳಿಗೆ ಅರ್ಥವಾದ ಗಳಿಗೆ ನನಗೆ ಕಂಡಿತು. ಅವಳ ಹುಬ್ಬು ಒಂದಿಷ್ಟು ಮೇಲಕ್ಕೆ ಹೋಗಿ ಇಳಿಯಿತು, ಅಷ್ಟೇ. ಬೆಂಚಿನ ಮೇಲೆ ಹೋಗಿ ಕೂತಳು. ಚಪ್ಪಲಿ ಬಿಟ್ಟು ಎರಡೂ ಪಾದಗಳನ್ನು ಅಕ್ಕಪಕ್ಕ ಜೋಡಿಸಿ ಮುಂದಕ್ಕೆ ಚಾಚಿದಳು.

"ಇಬ್ರೂ ನಾನೇ, ತಾತ" ಅಂದಳು.

ಮುದುಕರು ಪಾದಗಳನ್ನು ನೋಡಿದರು. ನನ್ನ ಕಡೆ ತಿರುಗಲೇ ಇಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಒಳಗೆ ಹೋಗಿ ಚಿಕ್ಕ ನಂಬರಿನ ಲೇಸಿನ ಶೂ ಹುಡುಕಿ ತಂದು, ನೆಲದ ಮೇಲೆ ಕೂತು, ತಾವೇ ಎರಡೂ ಕಾಲಿಗೆ ತೊಡಿಸಿ ಲೇಸು ಕಟ್ಟಿದರು. "ನಡಿ ಬೇಟಿ, ನೋಡಾನ" ಅಂದರು.

ಅವಳು ಬಾಗಿಲವರೆಗೆ ಹೋಗಿ ಬಂದಳು. ಬೆಂಚಿನ ಮೇಲಿದ್ದ ಹೆಂಗಸರಲ್ಲಿ ಒಬ್ಬಳು ನೋಡಿ ಪಕ್ಕದವಳಿಗೆ ಏನೋ ಅಂದಳು, ಇನ್ನೊಬ್ಬಳು ಮಗುವಿನ ಸಾಕ್ಸು ಎಳೆಯುವುದರಲ್ಲೇ ಇದ್ದಳು, ಮೂರನೆಯವಳು ಫೋನು ನೋಡುತ್ತಿದ್ದಳು. ಮಗಳು ನನ್ನೆದುರು ನಿಂತು ಹೆಂಗದೆ ಅಮ್ಮ ಎಂದು ಕೇಳಿದಳು. ಅವಳು ನಡೆದಷ್ಟು ಹೊತ್ತೂ ನಾನು ಆ ಮೂವರ ಮುಖಗಳನ್ನೇ ನೋಡುತ್ತಿದ್ದೆ. ಅವಳ ನಡಿಗೆಯನ್ನು ನೋಡಿರಲೇ ಇಲ್ಲ. ಇನ್ನೊಂದು ಸಲ ನಡಿ ಅಂದೆ. ನಡೆದಳು. ಚೆನ್ನಾಗಿ ನಡೆಯುತ್ತಿದ್ದಳು.

ವಾಪಸು ಬರುವಾಗ ಅವಳು ಲ್ಯಾಬಿನ ಮಾತೂ ಆಡಲಿಲ್ಲ, ಖೋ ಖೋ ಮಾತೂ ಆಡಲಿಲ್ಲ. ಹೊಸ ಶೂ ಕಾಲಲ್ಲೇ ಇತ್ತು. ಬಸ್ಸು ಅರ್ಧ ದಾರಿ ಬಂದಮೇಲೆ ಕಿಟಕಿಯ ಕಡೆಯೇ ನೋಡುತ್ತ ಕೇಳಿದಳು.

"ಆ ಚಿಕ್ಕೋಳು ಅಂದ್ಯಲ್ಲ, ಅವಳ್ಗೆ ಎರಡು ಕಾಲೂ ಒಂದೇ ಸಮ ಇದ್ವಾ?"

ಅಂಗಡಿಯಲ್ಲಿ ಓಡಾಡಿದ ಆ ಹುಡುಗಿಯ ಕಾಲು ನನ್ನ ಕಣ್ಣಿಗೆ ಕಟ್ಟಿತ್ತು. ಅವಳಿಗೆ ಒಂದೇ ಕಡ್ಡಿಯ ಅಳತೆ ಸಾಕಾಗಿತ್ತು. ಇಲ್ಲ ಎನ್ನಬಹುದಿತ್ತು, ಸುಮ್ಮನಿರು ಎಂದು ಗದರಬಹುದಿತ್ತು. ಆದರೆ ಮತ್ತೊಂದು ಸುಳ್ಳಿಗೆ ನನ್ನಲ್ಲಿ ಜೀವ ಉಳಿದಿರಲಿಲ್ಲ.

"ಇದ್ವು ಕಣವ್ವ" ಅಂದೆ. ತಪ್ಪಾಯ್ತು ಎಂದು ಸೇರಿಸಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

ಅವಳು ಅಳಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ದೊಡ್ಡವರು ಒಂದು ವ್ಯವಹಾರ ತೀರ್ಮಾನಿಸುವ ಹಾಗೆ ಹೇಳಿದಳು.

"ಸೋಮಾರ ಸ್ಕೂಲ್ ತಂಕ ನೀನು ಬರ್ಬ್ಯಾಡ. ಯಾರಾರ ಕಾಲು ನೋಡಿ ಕೇಳುದ್ರೆ ನಾನೇ ಯೋಳ್ತೀನಿ. ನೀನಿದ್ರೆ ಏನಾರ ಸುಳ್ಳು ಯೋಳ್ಬುಡ್ತೀಯ."

ಸೋಮವಾರ ನಾನು ಹೋಗಲಿಲ್ಲ. ಬೆಳಗಿನ ಹಾಲಿನ ಕೆಲಸ ಮುಗಿಸಿ ರಸ್ತೆಗೆ ಬರುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು.