ಅರ್ಧ ಕಪ್ಪಿನ ಹೊಟ್ಟೆಕಿಚ್ಚು

ನಿಪ್ಪಾಣಿಗೆ ಹೊರಡುವ ಮುಂಚೆ ನಾನು ಹೆದರಿದ್ದು ಒಂದೆರಡಕ್ಕಲ್ಲ. ಬಾಡಿಗೆಗೆ ಮನೆ ಸಿಗಲಿಕ್ಕಿಲ್ಲ, ಸಿಕ್ಕರೂ ನೀರು ಬರಲಿಕ್ಕಿಲ್ಲ. ಮರಾಠಿ ಬಾರದವನೆಂದು ತರಕಾರಿಯವಳು ಹುಳುಕು ಬದನೆಕಾಯಿ ಕಟ್ಟಬಹುದು. ಜೋಳದ ರೊಟ್ಟಿ ಹೊಟ್ಟೆಯೊಳಗೆ ಜಗಳ ತೆಗೆಯಬಹುದು. ಕಬ್ಬಿನ ಟ್ರ್ಯಾಕ್ಟರ್ ನನ್ನ ಮೇಲೇ ಮಗುಚಬಹುದು. ಇಲ್ಲಿಗೆ ಬಂದ ಮೊದಲ ಬೆಳಗ್ಗೆ ಹಾಲು ತರಲು ಹೋದರೆ, ಎರಡು ಟ್ರೇಲರ್ ಕಬ್ಬು ಎಳೆದುಕೊಂಡು, ಮರಾಠಿ ಹಾಡು ಒದರಿಸುತ್ತ, ತೂಗಾಡುತ್ತ ಒಂದು ಬಂದೇಬಿಟ್ಟಿತು. ಗೋಡೆಗೆ ಅಂಟಿ ನಿಂತೆ. ಮಗುಚಲಿಲ್ಲ.

ಬಂದದ್ದು ಹೆಂಡತಿಯ ಕೆಲಸಕ್ಕೆ. ವಸಂತಾ ಹೊಲಿಗೆ ಶಿಕ್ಷಕಿ. ತುಮಕೂರಿನಲ್ಲಿ ನಾನು ಕೆಲಸಕ್ಕಿದ್ದ ಪ್ರೆಸ್ಸು ಮುಚ್ಚಿದ ಮೇಲೆ ಅವಳ ಹಿಂದೆ ಪೆಟ್ಟಿಗೆ ಹೊತ್ತು ಬಂದವನು ನಾನು. ಕಟಿಂಗ್ ಎಂಬ ಮಾತಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಪ್ರೆಸ್ಸಿನಲ್ಲಿ ಅದು ಪುಸ್ತಕದ ಮೂರು ಬದಿ ಸಮ ಮಾಡುವುದು. ಅವಳಿಗದು ರವಿಕೆ ಬಟ್ಟೆಯ ವಿದ್ಯೆ. ಕ್ಷೌರದಂಗಡಿಯವನಿಗೆ ನನ್ನ ಉಳಿದ ನಾಲ್ಕು ಕೂದಲು. ಇಲ್ಲಿನ ರೈತರಿಗೆ ಕಬ್ಬಿನ ಕಟಾವು, 'ಕಟಿಂಗ್ ಬಂತೇನ್ರಿ?' ಎಂಬುದೇ ಕುಶಲಪ್ರಶ್ನೆ. ಚಹಾದ ವಿಷಯಕ್ಕೆ ಬಂದರೆ, ಒಂದನ್ನು ಇಬ್ಬರು ಹಂಚಿಕೊಂಡ ಅರ್ಧ. ನಮ್ಮ ಕಡೆ ಬೈಟು ಎನ್ನುತ್ತೇವಲ್ಲ, ಅದೇ. ಆದರೆ ನಾವು ಬೈಟು ಯಾರ ಜೊತೆಗಾದರೂ ಮಾಡುತ್ತೇವೆ. ಇಲ್ಲಿ ಕಟಿಂಗ್ ತಮ್ಮವರ ಜೊತೆಗೆ ಮಾತ್ರ.

ಇದು ತಿಳಿದದ್ದು ಮನೆ ಮಾಲೀಕರಾದ ಬಾಳಾಸಾಹೇಬರ ಅಕ್ಕೋಳದ ಹೊಲದಲ್ಲಿ. ಕಬ್ಬು ಕಡಿಯುತ್ತಿದ್ದರು, ನೋಡಲು ಬರ್ರಿ ಎಂದು ನಮ್ಮನ್ನೂ ಕರೆದಿದ್ದರು. ವಸಂತಾ ಆಗಲೇ ಅವರ ಮನೆಯಾಕೆಯನ್ನು 'ವೈನಿ', ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದಳು. 'ಹೌದ ಬಿಡ್ರಿ' ಎಂದು ರಾಗ ಎಳೆಯಲೂ ಕಲಿತಿದ್ದಳು. ಅದನ್ನೇ ನಾನು ಹೇಳಿದರೆ ನಾಟಕದ ಮಾತಿನಂತೆ ಕೇಳಿಸುತ್ತಿತ್ತು. ಕಿಟ್ಲಿಯಲ್ಲಿ ಚಹಾ ಬಂತು. ವೈನಿ ಒಂದು ಕಪ್ಪು ತುಂಬಿ, ಅರ್ಧವನ್ನು ಬಸಿಗೆ, ಅಂದರೆ ಸಾಸರಿಗೆ, ಸುರಿದು ತಾವು ಇಟ್ಟುಕೊಂಡು, ಕಪ್ಪನ್ನು ಕೇಳದೆಯೇ ವಸಂತಾಳ ಕೈಗಿಟ್ಟರು. ನನಗೆ ಕುರ್ಚಿ, ಅಂಚಿನವರೆಗೆ ತುಂಬಿದ ಕಪ್ಪು, ಜೊತೆಗೆ ಬಿಸ್ಕತ್ತು.

"ನನಗೂ ಕಟಿಂಗೇ ಸಾಕು," ಎಂದೆ.

"ಹಂಗ್ಯಾಂಗ್ರಿ ಸರ? ನೀವು ಪಾವಣ್ಯಾರು. ಫುಲ್ ಕುಡೀರಿ," ಎಂದರು ಬಾಳಾಸಾಹೇಬರು. ಪಾವಣ್ಯಾರು ಅಂದರೆ ಬಂದು ಹೋಗುವ ನೆಂಟರು.

"ಮತ್ತೆ ಇವಳು?"

"ವಸಂತಕ್ಕ ನಮ್ಮಾಕಿ ಅದಾಳ್ರಿ," ಎಂದರು ವೈನಿ, ತಿರುಗಿಯೂ ನೋಡದೆ.

ವಸಂತಾ ಆ ಅರ್ಧ ಚಹಾವನ್ನು ನನ್ನನ್ನೇ ನೋಡುತ್ತ, ಬೇಕೆಂದೇ ನಿಧಾನವಾಗಿ ಕುಡಿದಳು. ಅವಳಿಗೆ ನೌಕರಿ ಸಿಕ್ಕಿ ನನ್ನದು ಹೋದಾಗಲೂ ಹೊಟ್ಟೆಕಿಚ್ಚು ಪಡದವನು ಅಂದು ಉರಿದುಹೋದೆ.

ಸಂಕ್ರಾಂತಿಗೆ ತುಮಕೂರಿಗೆ, ತಂಗಿಯ ಮನೆಗೆ ಹೋಗಿದ್ದೆ. ಕಾಫಿ ಬೈಟು ಮಾಡೇ ಎಂದೆ. "ಅಪರೂಪಕ್ಕೆ ಬಂದಿದೀಯ, ಸುಮ್ನೆ ಕುಡಿಯಣ್ಣ," ಎಂದು ಶೋಕೇಸಿನಿಂದ ಹೂವಿನ ಕಪ್ಪು ತೆಗೆದು ತುಂಬಿಸಿಕೊಟ್ಟಳು. ಅವಳೂ ಗಂಡನೂ ಒಂದು ಲೋಟವನ್ನು ಎರಡು ಮಾಡಿಕೊಂಡರು.

ಮನೆ ಸಿಕ್ಕಿದೆ, ನೀರು ಬರುತ್ತದೆ, ಬದನೆಕಾಯಿ ಎಳೆಯದು, ರೊಟ್ಟಿ ಅರಗುತ್ತದೆ. ಎಡವಟ್ಟಾದದ್ದು ಇಷ್ಟೇ: ಎರಡು ಊರಿನಲ್ಲೂ ನನಗೆ ಯಾರೂ ಅರ್ಧ ಕಪ್ಪು ಕೊಡುವುದಿಲ್ಲ.